ನೀಲಿ ಚುಕ್ಕೆ ನಿಂತಲ್ಲೇ ನಿಂತಿತ್ತು

ಕೊಡಿಗೇಹಳ್ಳಿಯ ರಾಧಾಮಣಿಗೆ ಕಾಯುವುದೆಂದರೆ ಆಗದು. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲುವ ತಾಳ್ಮೆಯೂ ಇಲ್ಲ. ಇಂಥವಳಿಗೆ ಸಿಕ್ಕ ಕೆಲಸ ನೋಡಿ, ಊರವರು ಕಾಯದ ಹಾಗೆ ಮಾಡುವುದು! ಯಲಹಂಕದಲ್ಲಿ ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಆರು ಜನರ ಕಂಪನಿ. ನೀರಿನ ಟ್ಯಾಂಕರ್ ಎಲ್ಲಿದೆ ಎಂದು ಮನೆಯವರು ಮೊಬೈಲಿನಲ್ಲೇ ನೋಡಿಕೊಳ್ಳುವ ಒಂದು ವೆಬ್ ಪುಟವನ್ನು ಅವರು ಕಟ್ಟುತ್ತಿದ್ದರು. ಪುಟದ ಮುಖ ಪೂರ್ತಿ ರಾಧಾಮಣಿಯ ಕೈಕೆಲಸ. ಭೂಪಟ, ಅದರ ಮೇಲೆ ಗಾಡಿಗೊಂದು ನೀಲಿ ಚುಕ್ಕೆ.

ಅವಳ ಗಂಡ ವಾಸು ಟ್ಯಾಂಕರ್ ಡ್ರೈವರ್. ಅಲ್ಲಾಳಸಂದ್ರದ ಬೋರ್‌ವೆಲ್‌ನಲ್ಲಿ ನೀರು ತುಂಬಿಸಿ ಅಪಾರ್ಟ್‌ಮೆಂಟುಗಳಿಗೆ ಹಾಕುತ್ತಿದ್ದ. ಡಿಗ್ರಿ ಮಾಡಿದ ಹುಡುಗಿ ಡ್ರೈವರನ್ನು ಕಟ್ಟಿಕೊಂಡಳಲ್ಲ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ಅವಳು ಕ್ಯಾರೇ ಅನ್ನಲಿಲ್ಲ. ಪುಟವನ್ನು ಪರೀಕ್ಷೆ ಮಾಡಲು ಮೊದಲು ಸಿಕ್ಕ ಗಾಡಿಯೂ ವಾಸುವಿನದೇ. ಅವನ ಫೋನು ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ಕಂಪನಿಯ ಸರ್ವರ್‌ಗೆ ತಿಳಿಸುತ್ತಿತ್ತು.

“ಏನ್ ಮೇಡಂ, ನಿಮ್ ಪೇಜು ನನ್ ಗಾಡಿಗಿಂತ ಸ್ಲೋ ಕಣ್ರೀ,” ಎಂದು ವಾಸು ರೇಗಿಸುತ್ತಿದ್ದ.

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಪುಟ ತೆರೆದಾಗ ಅದು ದೂರದ ಸರ್ವರನ್ನು “ಗಾಡಿ ಎಲ್ಲಿದೆ?” ಎಂದು ಕೇಳಬೇಕು. ಉತ್ತರ ಬರುವವರೆಗೆ ತೆರೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತದೆ. ಬೇರೆ ಕಡೆ ಒತ್ತಿ ಮತ್ತೆ ಭೂಪಟಕ್ಕೆ ಬಂದರೆ ಎಲ್ಲವನ್ನೂ ಮರೆತು ಮೊದಲಿನಿಂದ ಕೇಳುತ್ತದೆ, ಮತ್ತೆ ಚಕ್ರ. ಅದಕ್ಕೆಂದೇ ರಾಧಾಮಣಿ ಒಮ್ಮೆ ಬಂದ ಉತ್ತರವನ್ನು ಪುಟದಲ್ಲೇ ಎತ್ತಿಟ್ಟುಕೊಳ್ಳುವ ವ್ಯವಸ್ಥೆ ಮಾಡಿದಳು. ಅವರ ಭಾಷೆಯಲ್ಲಿ ಅದು ಕ್ಯಾಶ್, ದುಡ್ಡಿನ ಕ್ಯಾಶ್ ಅಲ್ಲ. ಮೂವತ್ತು ಸೆಕೆಂಡಿನೊಳಗೆ ಮತ್ತೆ ಕೇಳಿದರೆ ಎತ್ತಿಟ್ಟದ್ದನ್ನೇ ಕೊಡು, ಮೂವತ್ತು ದಾಟಿದರೆ ಹೊಸದಾಗಿ ಕೇಳಿ ತಾ. ಅಷ್ಟೇ.

2018ರ ಏಪ್ರಿಲ್, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಗಿರಾಕಿಗಳ ಮುಂದೆ ಡೆಮೊ ಇತ್ತು. ಅವರ ಎದುರಿಗೆ ಚಕ್ರ ತಿರುಗಬಾರದೆಂದು ಕಂಪನಿಯ ಮಾಲೀಕ ಸತೀಶ್ ಪಟ್ಟು ಹಿಡಿದಿದ್ದ. ಈ ಕಸುಬಿನವರು ಡೆಮೊ ದಿನ ಎಲ್ಲರೂ ಮಾಡುವ ಕಳ್ಳಾಟವನ್ನೇ ರಾಧಾಮಣಿಯೂ ಮಾಡಿದಳು. ತನ್ನ ಕಂಪ್ಯೂಟರಿನಲ್ಲಿ ಮೂವತ್ತು ಸೆಕೆಂಡನ್ನು ಅಳಿಸಿ ಒಂದು ಗಂಟೆ ಎಂದು ಬರೆದಳು. ಒಮ್ಮೆ ಬಂದ ಉತ್ತರ ಒಂದು ಗಂಟೆ ಅಲ್ಲಾಡುವುದಿಲ್ಲ, ಚಕ್ರದ ಸುಳಿವೂ ಇರುವುದಿಲ್ಲ. ‘ಡೆಮೊ ಆದ ಮೇಲೆ ತೆಗೆಯಬೇಕು’ ಎಂದು ಪಕ್ಕದಲ್ಲೇ ಗುರುತು ಹಾಕಿಕೊಂಡಳು.

ಅವತ್ತು ಮನೆಯಿಂದ ಹೊರಡುವಾಗಲೇ ವಾಸು ಎದೆ ಉರಿ ಅಂದಿದ್ದ. ಅವನ ತಾಯಿ ಮುನಿಕೆಂಪಮ್ಮ ಜೀರಿಗೆ ಕಷಾಯ ಕುಡಿಸಿ, “ಇವತ್ತೊಂದಿನ ಓಗ್ಬೇಡ ಕಣ್ಲಾ,” ಅಂದರೂ ಕೇಳದೆ ಗಾಡಿ ಹತ್ತಿದ್ದ.

ಡೆಮೊ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ಆಯಿತು. ಹತ್ತೂ ಐವತ್ತಕ್ಕೆ ಅವಳು ಗಂಡನ ಗಾಡಿಯನ್ನೇ ತೋರಿಸಿದಳು. ಚುಕ್ಕೆ ಅಲ್ಲಾಳಸಂದ್ರದ ಬೋರ್‌ವೆಲ್ ಹತ್ತಿರ ಕೂತಿತ್ತು. ಗಿರಾಕಿಗಳು ಭೇಷ್ ಅಂದು ಹೋದರು. ಸತೀಶ್ ಮೈಸೂರು ಪಾಕ್ ತರಿಸಿದ. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡರು, ಹಾಕಿಕೊಂಡ ಗುರುತು ಯಾರ ನೆನಪಿಗೂ ಬರಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಅತ್ತೆಯ ಫೋನು. “ವಾಸು ಫೋನ್ ಎತ್ತುತಿಲ್ಲ ಕಣಮ್ಮ. ಜೀವ ತಡೀತಿಲ್ಲ. ಎಲ್ಲವ್ನೆ ನೋಡೇಳು, ನಾನೇ ಓಗ್ ಬರ್ತೀನಿ.”

ರಾಧಾಮಣಿ ಕೈಯಲ್ಲಿದ್ದ ಮೈಸೂರು ಪಾಕನ್ನು ಬಾಯಿಗೆ ಹಾಕಿಕೊಂಡೇ, ಡೆಮೊ ತೋರಿಸಿದ ಅದೇ ಕಂಪ್ಯೂಟರಿನಲ್ಲಿ ಪುಟ ನೋಡಿದಳು. ಚುಕ್ಕೆ ಬೋರ್‌ವೆಲ್ ಹತ್ತಿರವೇ ಇತ್ತು. ಅಲ್ಲಿ ಪಂಪಿನ ಸದ್ದಿಗೆ ವಾಸುವಿಗೆ ಫೋನ್ ಕೇಳಿಸುವುದಿಲ್ಲ, ಅದು ದಿನದ ಕಥೆ. “ಬೋರ್‌ವೆಲ್ ಹತ್ರ ನೀರ್ ತುಂಬಿಸ್ತಾ ಇದಾರೆ ಅತ್ತೆ, ಕಾಣಿಸ್ತಾ ಇದೆ. ನೀವ್ ಬಿಸಿಲಲ್ಲಿ ಎಲ್ಲೂ ಹೋಗ್ಬೇಡಿ,” ಅಂದಳು. ಸೊಸೆ ಕಣ್ಣಾರೆ ನೋಡಿ ಹೇಳಿದ ಮೇಲೆ ಮುದುಕಿಗೆ ಇನ್ನೇನು ಬೇಕು? ಸೊಪ್ಪು ಬಿಡಿಸುತ್ತ ಕೂತಳು.

ಮೈಸೂರು ಪಾಕನ್ನು ರಾಧಾಮಣಿ ಇವತ್ತಿಗೂ ಬಾಯಿಗೆ ಇಡುವುದಿಲ್ಲ.

ಹನ್ನೆರಡಕ್ಕೆ ಇನ್ನು ಐದು ನಿಮಿಷ ಇರುವಾಗ, ಏರ್‌ಪೋರ್ಟ್ ರಸ್ತೆಯ ಸರ್ವೀಸ್ ರೋಡಿನಲ್ಲಿ ಆಟೋ ಓಡಿಸುವ ವಾಜಿದ್ ಎಂಬವನು ಕೊಡಿಗೇಹಳ್ಳಿಯ ಹತ್ತಿರ ಇಂಜಿನ್ ಆನ್ ಆಗಿಯೇ ನಿಂತಿದ್ದ ಟ್ಯಾಂಕರಿನ ಗಾಜು ಬಡಿದ. ಒಳಗೆ ವಾಸು ಸ್ಟೇರಿಂಗಿಗೆ ಒರಗಿದ್ದ, ಇನ್ನೂ ಉಸಿರಿತ್ತು. ವಾಜಿದ್ ಅವನನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. “ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಉಳಿಸ್ಕೋಬಹುದಿತ್ತು,” ಅಂದರು ಡಾಕ್ಟರು. ಅವರಿಗೇನು, ಇದ್ದದ್ದನ್ನು ಹೇಳಿದರು.

ಮೂರನೆಯ ದಿನ ರಾಧಾಮಣಿ ಸರ್ವರಿನ ದಾಖಲೆ ತೆಗೆದು ನೋಡಿದಳು. ಹತ್ತೂ ಐವತ್ತೈದಕ್ಕೆ ವಾಸು ಬೋರ್‌ವೆಲ್ ಬಿಟ್ಟಿದ್ದ. ನೀರು ಹಾಕಬೇಕಾದ ಅಪಾರ್ಟ್‌ಮೆಂಟಿನ ಕಡೆಗಲ್ಲ, ಮನೆಯ ಕಡೆಗೆ ಹೊರಟಿದ್ದ. ಹನ್ನೊಂದೂ ಐದಕ್ಕೆ ಸರ್ವೀಸ್ ರೋಡಿನಲ್ಲಿ ಗಾಡಿ ನಿಂತಿತ್ತು. ಆಮೇಲೆ ನಿಮಿಷಕ್ಕೊಂದು ಸಾಲು, ಪ್ರತಿ ಸಾಲಿನಲ್ಲೂ ಅದೇ ಜಾಗ. ಸರ್ವರಿಗೆ ಎಲ್ಲವೂ ಗೊತ್ತಿತ್ತು, ಕೇಳಿದ್ದರೆ ಹೇಳುತ್ತಿತ್ತು. ಕೇಳಬೇಡ ಎಂದು ಪುಟಕ್ಕೆ ಹೇಳಿಕೊಟ್ಟವಳು ಅವಳೇ. ಅವಳು ಕೂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ತಿಥಿಗೆ ಬಂದವರಿಗೆಲ್ಲ ಮುನಿಕೆಂಪಮ್ಮ ಹೇಳುತ್ತಿದ್ದಳು: “ನಮ್ ರಾಧಾ ಕಂಪ್ಯೂಟ್ರಲ್ಲಿ ನೋಡವ್ಳೆ. ಆಗ ನೀರ್ ತುಂಬುಸ್ತಾ ಚೆನ್ನಾಗೇ ಇದ್ನಂತೆ. ಆಮೇಕೆ ಒಂದ್ ಗಳಿಗೇಲಿ ಓಗ್ಬಿಟ್ಟ. ನರಳ್ಳಿಲ್ಲ ನನ್ ಮಗ.” ಆ ಮಾತನ್ನು ಕೇಳಿದಾಗಲೆಲ್ಲ ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು. ಸುಮ್ಮನಿದ್ದರೆ ಅತ್ತೆ ಆ ಸಮಾಧಾನದಲ್ಲೇ ದಿನ ದೂಡುತ್ತಾಳೆ. ಹೇಳಿದರೆ ತನ್ನ ಮುಖವನ್ನು ಮತ್ತೆ ನೋಡುತ್ತಾಳೋ ಇಲ್ಲವೋ. ಹದಿನೈದು ದಿನ ಗಂಟಲಲ್ಲಿಟ್ಟುಕೊಂಡು ತಿರುಗಿದಳು. ಹದಿನಾರನೆಯ ದಿನ ಮಧ್ಯಾಹ್ನ ಅತ್ತೆ ಅದೇ ಮಾತನ್ನು ಹಾಲಿನವಳ ಹತ್ತಿರ ಶುರುಮಾಡಿದಾಗ ತಡೆಯಲಾಗಲಿಲ್ಲ. ಹಾಲಿನವಳು ಹೋದ ಮೇಲೆ ಕಾಲ ಬುಡದಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದಳು.

ಮುನಿಕೆಂಪಮ್ಮನಿಗೆ ಕ್ಯಾಶು, ಸರ್ವರು ತಲೆಗೆ ಹತ್ತಲಿಲ್ಲ. ಒಂದೇ ಒಂದು ಕೇಳಿದಳು.

“ನಾನ್ ಫೋನ್ ಮಾಡ್ದಾಗ ಎಲ್ಲಿದ್ನವ್ವ?”

“ಇಲ್ಲೇ ಅತ್ತೆ. ಸರ್ವೀಸ್ ರೋಡಲ್ಲಿ. ಮನೆಗೆ ಬರ್ತಾ ಇದ್ರು.”

ಮುದುಕಿ ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದಳು. “ನಡಿ, ತೋರ್ಸು.”

ಮಂಡಿ ನೋವಿನ ಅತ್ತೆ ಮುಂದೆ, ಸೊಸೆ ಹಿಂದೆ. ಹಳೆ ಊರಿನ ಓಣಿ, ಹೊಸ ಕಟ್ಟಡಗಳ ಮರಳ ರಾಶಿ, ಬೇಕರಿ, ಆಮೇಲೆ ರಸ್ತೆ. ಜಾಗ ಬಂದಾಗ ರಾಧಾಮಣಿ ಅತ್ತೆಯ ತೋಳು ಹಿಡಿದು ನಿಲ್ಲಿಸಿದಳು. ಮುನಿಕೆಂಪಮ್ಮ ತಿರುಗಿ ತಾನು ಬಂದ ದಾರಿಯನ್ನು ನೋಡಿದಳು.

“ಎಷ್ಟೊತ್ತಾಯ್ತವ್ವ ಬಂದಿದ್ದು?”

ರಾಧಾಮಣಿ ಫೋನ್ ನೋಡಿದಳು. “ಹನ್ನೆರಡು ನಿಮಿಷ ಅತ್ತೆ.”

“ಈ ಮಂಡೀಲೇ ಹನ್ನೆರಡು ನಿಮಿಷ,” ಅಂದಳು ಮುನಿಕೆಂಪಮ್ಮ. “ಅವತ್ತಾದ್ರೆ ಓಡ್ತಿದ್ದೆ ಕಣವ್ವ.” ಹಾಗೆಂದವಳು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕೂತು, ಮಗನ ಹೆಸರು ಹಿಡಿದು ಕೂಗುತ್ತ ಅಳತೊಡಗಿದಳು. ರಾಧಾಮಣಿ ಅವಳನ್ನು ಮುಟ್ಟಲು ಧೈರ್ಯವಿಲ್ಲದೆ ಪಕ್ಕದಲ್ಲೇ ನಿಂತಳು.