ಮೊಳೆಗೆ ತೂಗಿದ ಫೋನು

ನಮ್ಮ ದೊಡ್ಡಪ್ಪ ಹೂವಪ್ಪ ಸವಣೂರು ತಾಲ್ಲೂಕಿನ ಯಲವಿಗಿಯವರು. ದಿನಾ ರೈಲಿನಲ್ಲಿ ಎಂಜಿನ್ ರಿಪೇರಿಯ ಲೋಕೋ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾರೆ. ಕರೆಂಟ್ ಎಂಜಿನ್ನಿನ ನೆತ್ತಿಯ ಮೇಲೆ ಬ್ರೇಕರ್ ಎಂಬುದೊಂದು ಇರುತ್ತದೆ. ತಂತಿಯಿಂದ ಬರುವ ಇಪ್ಪತ್ತೈದು ಸಾವಿರ ವೋಲ್ಟು ಅದರ ಮೂಲಕವೇ ಒಳಗಿಳಿಯಬೇಕು. ಏನಾದರೂ ಕೆಟ್ಟರೆ ಅದು ರೆಪ್ಪೆ ಬಡಿಯುವುದರೊಳಗೆ ಕರೆಂಟನ್ನು ಕಡಿದುಬಿಡುತ್ತದೆ. ಅದರ ಪಿಂಗಾಣಿ ಒರೆಸಿ, ಬೋಲ್ಟು ಬಿಗಿಯುವುದು ದೊಡ್ಡಪ್ಪನ ಕೆಲಸ.

ಹತ್ತುವ ಮುಂಚೆ ಎಂಜಿನ್ನಿನ ಕೀಯನ್ನು ಶೆಡ್ಡಿನ ಗೋಡೆಯ ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಕೀ ಇಲ್ಲದೆ ಯಾರೂ ಕರೆಂಟ್ ಕೊಡಲಾರರು. ಆದರೆ ಒಮ್ಮೆ ಜೊತೆಗಾರ ಸಂಜಯ ಮೇಲಿದ್ದಾಗ, ಖಾಲಿ ಮೊಳೆ ನೋಡಿ ಕೀ ಕಳೆದಿದೆ ಎಂದುಕೊಂಡು ಯಾರೋ ಇನ್ನೊಂದು ಜೋಡಿ ಕೀ ತಂದು ಕರೆಂಟ್ ಕೊಡಲು ಹೊರಟಿದ್ದರು. ಸಂಜಯ ಸ್ವಲ್ಪದರಲ್ಲಿ ಉಳಿದ. ಅಂದಿನಿಂದ ದೊಡ್ಡಪ್ಪ ತಮ್ಮ ಫೋನನ್ನು ಚೀಲದಲ್ಲಿಟ್ಟು ಆ ಮೊಳೆಗೆ ತೂಗುಹಾಕತೊಡಗಿದರು. ಚೀಲ ಇದ್ದರೆ ಮೇಲೆ ಮನುಷ್ಯ ಇದ್ದಾನೆ ಎಂದು ತಿಳಿಯಬೇಕು. ಇಳಿದು ಬಂದವನ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಚೀಲ ಹೊಲಿದುಕೊಟ್ಟವಳು ದೊಡ್ಡವ್ವ ಅಡಿವೆವ್ವ. ಹಳೆಯ ಕೆಂಪು ಸೀರೆಯದು.

"ನೀವಂತೂ ಸಿಗೂದಿಲ್ಲ. ಆ ಮೊಳಿಗರ ಬಾಯಿ ಇದ್ದಿದ್ರ, ಬರೂ ಮುಂದ ಉಳ್ಳಾಗಡ್ಡಿ ತರಾಕ ಹೇಳ್ತಿದ್ನಿ," ಎಂದು ಚೇಷ್ಟೆ ಮಾಡುತ್ತಿದ್ದಳು.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವನಿಗೆ ಎದೆ ಹಿಡಿಯಿತು. ಅಪ್ಪ ಗಾಡಿ ತರಲು ಓಡಿದರು.

"ಅವ್ರಿಗೆ ಫೋನ್ ಹಚ್ಚವ್ವಾ," ಎಂದಳು ನನಗೆ. "ಒಂದು ಮಾತು ಕೇಳ್ತೇನಿ."

ಹನ್ನೊಂದು ಸಲ ಹಚ್ಚಿದೆ. ಪ್ರತಿ ಸಲವೂ ಪೂರ್ತಿ ರಿಂಗಾಗಿ ನಿಂತಿತು.

"ಮೊಳಿಗೆ ಐತೇನ?"

"ಹೂಂ, ದೊಡ್ಡವ್ವಾ."

"ಹಂಗಾರ ಬಿಡು. ಇಳದ ಮ್ಯಾಲ ಅವ್ರ ಹಚ್ತಾರ."

ಸವಣೂರಿನ ಆಸ್ಪತ್ರೆ ಮುಟ್ಟುವ ಮುಂಚೆಯೇ ಅವಳ ಕೈ ತಣ್ಣಗಾಯಿತು.

ದೊಡ್ಡವ್ವನ ದಿನಕಾರ್ಯ ಮುಗಿದ ಮೇಲೆ ಸಂಜಯ ಬಂದು ಹೊಸ್ತಿಲ ಹೊರಗೇ ಕುಳಿತ.

"ನಾ ಮೊಳಿ ಮುಂದ ನಿಂತಿದ್ನಿ ಕಾಕಾ. ಫೋನ್ ಒಂದ ಸವನ ಬಡಕೊಳ್ಳಾಕತ್ತಿತ್ತು. ಕೂಗಿದ್ನಿ, ಗದ್ದಲದಾಗ ನಿಮಗ ಕೇಳಲಿಲ್ಲ. ಎರಡ ಸಲ ಕೈ ಚಾಚಿ ಹಿಂದಕ್ಕ ತಗೊಂಡ್ನಿ."

"ಛಲೋ ಮಾಡಿದಿ. ಮುಟ್ಟಬ್ಯಾಡ ಅಂತ ನಾನ ಹೇಳಿದ್ದು."

"ಎತ್ತಬೇಕಿತ್ರಿ."

ದೊಡ್ಡಪ್ಪ ಚೀಲದಿಂದ ಫೋನು ತೆಗೆದು ಪಕ್ಕಕ್ಕಿಟ್ಟು, ಖಾಲಿ ಚೀಲವನ್ನು ತೊಡೆಯ ಮೇಲೆ ಹರವಿ, ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಚೀಲ ಒಂದ ಸಾಕಿತ್ತಲ್ಲೋ ಸಂಜಯ," ಎಂದರು. "ಫೋನ್ ಯಾಕ ಬೇಕಿತ್ತು ಅದರಾಗ? ಇಷ್ಟು ವರ್ಷ ನನಗ ಹೊಳೀಲೇ ಇಲ್ಲ."

ಮರುದಿನ ಕೆಲಸಕ್ಕೆ ಹೋದರು. ಈಗ ಮೊಳೆಗೆ ಬರೀ ಚೀಲ ತೂಗುತ್ತದೆ. ಫೋನು ಕೀಯ ಜೊತೆ ಅವರ ಜೇಬಿನಲ್ಲೇ ಇರುತ್ತದೆ.