ತಿಕೋಟಾದ ಶೆಡ್ಡಿಗೆ ಬಂದ ಸ್ಪೇನ್

ವಿಜಯಪುರದಲ್ಲಿ ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದವರು ಹಲವರಿದ್ದಾರೆ. ಆದರೆ ದೂರದ ಸ್ಪೇನಿನ ಇಂದಿನ ಸಮಾಜವನ್ನೂ ಅದರ ಆರ್ಥಿಕತೆಯನ್ನೂ ನಮ್ಮ ಕಡೆಯ ಮಕ್ಕಳಿಗೆ ತಿಳಿಯುವಂತೆ ಹೇಳಲು ಮೂವತ್ತನಾಲ್ಕು ವರ್ಷ ಶ್ರಮಪಟ್ಟವರು ಪ್ರೊ. ಚಂದ್ರಕಲಾ ಅವರೊಬ್ಬರೇ ಎಂದು ಅವರ ಸಹೋದ್ಯೋಗಿಗಳು ಹೇಳುತ್ತಾರೆ. ಆ ಮಾತನ್ನು ಅಳೆಯುವಷ್ಟು ಓದು ನನಗಿಲ್ಲ. ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ತಿಕೋಟಾದ ಒಂದು ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವವಳು. ಚಂದ್ರಕಲಾ ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ನನಗೊಂದು ಜಾಗ ಸಿಕ್ಕಿರುವುದು ಅವರದೇ ಹಟದಿಂದ.

ಬಬಲೇಶ್ವರದ ಕಾಲೇಜಿನಲ್ಲಿ ಸೇವೆಗೆ ಸೇರಿದ ಅವರು ಹದಿಮೂರು ವರ್ಷಗಳ ನಂತರ ವಿಜಯಪುರಕ್ಕೆ ಬಂದು ಜೋರಾಪುರ ಪೇಟೆಯಲ್ಲಿ ಮನೆ ಮಾಡಿದರು. ಯುರೋಪಿನ ದೇಶಗಳ ಆರ್ಥಿಕತೆಯ ಬಗ್ಗೆ ಕನ್ನಡದಲ್ಲಿ ಓದಲು ಪುಸ್ತಕವಿರಲಿಲ್ಲ. ನಿಡೋಣಿ, ಕಾಖಂಡಕಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು ಅವರು ಹೇಳಿದ್ದನ್ನೇ ಬರೆದುಕೊಂಡು, ಪಾಸಾಗಿ, ಆ ನೋಟುಬುಕ್ಕನ್ನು ಮುಂದಿನ ವರ್ಷದವರಿಗೆ ಕೊಟ್ಟು ಹೋಗುತ್ತಿದ್ದರಂತೆ. ಆ ಪಾಠಗಳೆಲ್ಲ ನಿವೃತ್ತಿಯ ಮೊದಲು ಒಂದು ಪುಸ್ತಕವಾಗಬೇಕು ಎಂಬುದೊಂದೇ ಅವರ ಆಸೆಯಾಗಿತ್ತು.

ನಾಲ್ಕು ವರ್ಷದ ಹಿಂದೆ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಮೀಕ್ಷೆಗೆಂದು ನಮ್ಮ ಶೆಡ್ಡಿಗೆ ಬಂದರು. ವಿದ್ಯಾರ್ಥಿಗಳು ಫಾರ್ಮು ಹಿಡಿದು ಕೇಳಿದ್ದಕ್ಕೆಲ್ಲ ನಾವು ಹೂಂ ಎಂದೆವು, ಅವರು ಹೋದರು. ಮುಂದಿನ ರವಿವಾರ ಬಾಯಾರು (ಕಲಿಸುವ ಹೆಂಗಸರನ್ನು ನಾವು ಕರೆಯುವುದೇ ಹಾಗೆ) ಒಬ್ಬರೇ ಬಂದು ನಮ್ಮ ಸಾಲಿನಲ್ಲಿ ಕುಳಿತು, ಒಣದ್ರಾಕ್ಷಿಯ ಒಂದು ತಾಟು ಮುಂದಿಟ್ಟುಕೊಂಡು ಕಡ್ಡಿ ಆರಿಸತೊಡಗಿದರು. ನಮ್ಮಲ್ಲಿ ಹಿರಿಯಳಾದ ಹೊಳೆವ್ವ ಸ್ವಲ್ಪ ಹೊತ್ತು ನೋಡಿದಳು.

“ಬಾಯಾರ, ಕಡ್ಡಿ ಬಿಟ್ಟು ಹಣ್ಣ ಒಗ್ಯಾಕತ್ತೀರಲ್ರಿ. ನಿಮ್ಮಂಥಾಕಿ ಇನ್ನೊಬ್ಬಾಕಿ ಬಂದ್ರ ಶೆಡ್ಡ ಮುಚ್ಚತೈತಿ!”

“ಹಂಗಾರ ನಾ ಓದ್ತೀನಿ, ನೀವು ಆರಿಸ್ರಿ. ತಿಳೀಲಿಲ್ಲಂದ್ರ ಬೈರಿ,” ಎಂದು ಅವರು ಚೀಲದಿಂದ ಹಾಳೆ ತೆಗೆದರು.

ಯಾರೂ ಬೈಯಲಿಲ್ಲ. ಬೈಯುವುದಿಲ್ಲ ಎಂದು ತಿಳಿದ ಮೇಲೆ ಅವರು ನಮ್ಮ ಕೈಗಳನ್ನು ನೋಡತೊಡಗಿದರು. ಓದುವಾಗ ಎಲ್ಲಿ ನಮ್ಮ ಕೈ ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ, ಆ ವಾಕ್ಯವನ್ನು ಮುಂದಿನ ರವಿವಾರ ಸರಳ ಮಾಡಿಕೊಂಡು ಬರುತ್ತಿದ್ದರು. ಹೀಗೆ ಸ್ಪೇನ್ ಸ್ವಲ್ಪಸ್ವಲ್ಪವಾಗಿ ನಮ್ಮ ಶೆಡ್ಡಿಗೆ ಬಂತು: ದಶಕಗಳ ಕಾಲ ಒಬ್ಬನೇ ಆಳಿದ ಮೇಲೆ ಆ ದೇಶ ಮತ್ತೆ ಮತ ಹಾಕಿದ್ದು, ಐರೋಪ್ಯ ಒಕ್ಕೂಟ ಸೇರಿ ತನ್ನ ನಾಣ್ಯ ಬಿಟ್ಟದ್ದು, ಮನೆ ಕಟ್ಟಿಸಿ ಕಟ್ಟಿಸಿ ಕೊಳ್ಳುವವರಿಲ್ಲದೆ ಕುಸಿದದ್ದು, ಆಮೇಲೆ ಕೆಲವು ವರ್ಷ ಕೆಲಸ ಹುಡುಕುವ ಹರೆಯದವರಲ್ಲಿ ಅರ್ಧದಷ್ಟು ಜನ ಬರಿಗೈಯಲ್ಲಿ ಕುಳಿತದ್ದು. ಅಲ್ಲಿ ಮಕ್ಕಳು ಮೂವತ್ತರ ಹತ್ತಿರ ಬಂದರೂ ತಂದೆತಾಯಿಯ ಮನೆ ಬಿಡಲಾರರಂತೆ. ಒಳನಾಡಿನ ಊರುಗಳು ಖಾಲಿ, ಕಡಲ ದಂಡೆ ತುಂಬಿದೆ. ಒಂದು ವರ್ಷಕ್ಕೆ ದೇಶದ ಜನರಿಗಿಂತ ಹೆಚ್ಚು ಪ್ರವಾಸಿಗರು ಬಂದು ಹೋಗುತ್ತಾರೆ. ಮಾಲಗಾ ಎಂಬಲ್ಲಿ ದ್ರಾಕ್ಷಿಯನ್ನು ನೇರ ಬಿಸಿಲಿಗೆ ಹರವಿ ಒಣಗಿಸುತ್ತಾರೆ ಎಂದಾಗ ಮಾತ್ರ ಹೊಳೆವ್ವನಿಗೆ ತಡೆಯಲಾಗಲಿಲ್ಲ. “ಬಿಸಲಾಗ ಹಾಕಿದ್ರ ಕರ್ರಗ ಆಗ್ತಾವಲ್ರಿ. ನೆರಳಾಗ ಒಣಗಿಸ್ರೀಂತ ಅವ್ರಿಗೆ ಯಾರೂ ಹೇಳಿಲ್ಲೇನು?”

“ಅವ್ರಿಗೆ ಕರೀವ ಬೇಕಂತ, ಹೊಳೆವ್ವ.”

“ಆಗ್ಲಿ ಬಿಡ್ರಿ, ಒಬ್ಬೊಬ್ಬರ ನಾಲಿಗಿ.”

ಆ ವರ್ಷವೇ ನನ್ನ ಅವ್ವ ಮದೀನಾಬಿ ವಿಜಯಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ಬಾಯಾರು ಕಾಲೇಜಿಗೆ ಹೋಗುವ ಮುನ್ನ ರೊಟ್ಟಿಯ ಡಬ್ಬಿ ಇಟ್ಟು, ಹಿಂದಿನ ದಿನದ ಖಾಲಿ ಡಬ್ಬಿ ಒಯ್ಯುತ್ತಿದ್ದರು. ಶಾಲೆ ಏಕೆ ಬಿಟ್ಟೆ ಎಂದು ನನ್ನನ್ನು ಎಲ್ಲರೂ ಕೇಳಿದ್ದಾರೆ. ಅವರು ಇಂದಿಗೂ ಕೇಳಿಲ್ಲ.

ಈಗ ಹೇಳಲು ಕಷ್ಟವಾದದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ಅವರು ನಾಲ್ಕನೆಯ ಅಧ್ಯಾಯ ಓದಿದರು. ದಕ್ಷಿಣ ಸ್ಪೇನಿನಲ್ಲಿ ಕಣ್ಣು ಹಾಯುವವರೆಗೂ ಪ್ಲಾಸ್ಟಿಕ್ ಹೊದಿಕೆಯ ತೋಟಗಳು, ಅಲ್ಲಿಂದ ಯುರೋಪಿಗೆಲ್ಲ ಹೋಗುವ ಹಣ್ಣು, ತರಕಾರಿ, ಅದರ ಟನ್ನುಗಳ ಲೆಕ್ಕ. ಜನವರಿ ಕೊನೆಗೆ ಹಸ್ತಪ್ರತಿ ಪಠ್ಯಪುಸ್ತಕ ಸಮಿತಿಗೆ ಹೋಗಬೇಕಿತ್ತು. ಅದುವರೆಗೆ ಬಾಯಿ ತೆರೆಯದಿದ್ದ ನಾನು ಅಂದು ಕೇಳಿಬಿಟ್ಟೆ: “ಬಾಯಾರ, ಆ ಹಣ್ಣ ಗಿಡದಿಂದ ಹರಿಯೋರು ಯಾರ್ರಿ?”

ಅವರು ಹಾಳೆ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. “ಬರದಿಲ್ಲ, ಕೈನಾತ,” ಎಂದರು. “ಗೊತ್ತೂ ಇಲ್ಲ ನನಗ.”

ಹಸ್ತಪ್ರತಿ ಸಮಿತಿಗೆ ಹೋಗಲಿಲ್ಲ. ನಾಲ್ಕನೆಯ ಅಧ್ಯಾಯವನ್ನು ತೆಗೆದುಹಾಕಿ ಅವರು ಮತ್ತೆ ಓದಲು ಕುಳಿತರು. ಸಮಿತಿ ಬೇರೊಬ್ಬರ ಪುಸ್ತಕ ಒಪ್ಪಿತು. ಮೂವತ್ತು ವರ್ಷದ ದುಡಿಮೆ ನನ್ನ ಒಂದು ಮಾತಿಗೆ ಹಾಳಾಯಿತು ಎಂದುಕೊಂಡು ನಾನು ಮತ್ತೆ ಬಾಯಿ ಮುಚ್ಚಿದೆ. ಅವರೋ ರವಿವಾರ ತಪ್ಪಿಸಲಿಲ್ಲ. ಆದರೆ ಬಸ್ಸಿಳಿದು ಬರುವಾಗ ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ “ನನ್ನಿಂದ ನಿಮ್ಮ ಪುಸ್ತಕ ಹೋತ್ರಿ” ಎಂದೆ.

“ಪುಸ್ತಕ ಎಲ್ಲಿ ಹೋಗ್ಯದ? ಚೀಲದಾಗ ಅದ,” ಎಂದರು. “ಇಷ್ಟು ವರ್ಷ ಕಲಿಸೀನಿ, ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳ್ಕೊಂಡಿರಲಿಲ್ಲ. ದಣಿವಾಗ್ಯದ ಕೈನಾತ, ಸಿಟ್ಟಲ್ಲ.”

ಕಳೆದ ತಿಂಗಳು ಹೊಸ ಅಧ್ಯಾಯ ಮುಗಿಯಿತು. ಈ ಸಂಪುಟದ ಜೊತೆಗೇ ಆ ಪುಸ್ತಕವೂ ಹೊರಬರಬೇಕೆಂದು ವಿದ್ಯಾರ್ಥಿಗಳು ಮುದ್ರಣಾಲಯ ಗೊತ್ತುಮಾಡಿದ್ದರು. ಅಚ್ಚಿಗೆ ಕೊಡುವ ಮೊದಲಿನ ಕೊನೆಯ ಓದು ನಮ್ಮ ಶೆಡ್ಡಿನಲ್ಲೇ ಆಯಿತು. ಸ್ಟ್ರಾಬೆರಿ ಹರಿಯಲು ಸಮುದ್ರದಾಚೆಯ ಮೊರಾಕ್ಕೊದಿಂದ ಸಾವಿರಾರು ಹೆಂಗಸರು ಕೆಲವು ತಿಂಗಳ ಕರಾರಿನ ಮೇಲೆ ಬರುತ್ತಾರೆ ಎಂದು ಓದಿದರು. ಕೆಲಸ ಮುಗಿದೊಡನೆ ಹಿಂತಿರುಗುತ್ತಾರೆಂಬ ಭರವಸೆಗಾಗಿ, ಊರಿನಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರನ್ನೇ ಆರಿಸುವ ರೂಢಿ ಬೆಳೆದಿತ್ತು ಎಂದು ಓದಿದರು.

ಇಡೀ ಸಾಲಿನ ಕೈ ನಿಂತಿತು.

ಬಾಯಾರು ಪೆನ್ಸಿಲು ತೆಗೆದು ಗುರುತು ಹಾಕಿದರು. “ತಿಳೀಲಿಲ್ಲೇನು? ಸರಳ ಮಾಡ್ತೀನಿ ತಡೀರಿ.”

“ತಿಳೀತ್ರಿ,” ಎಂದಳು ಹೊಳೆವ್ವ. “ಅಲ್ರಿ, ಅಷ್ಟ ತಿಂಗಳ ಆ ಕೂಸುಗಳಿಗೆ ಉಣ್ಣಾಕ ಹಾಕೋರು ಯಾರ್ರಿ?”

ಅವರು ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. “ಹೊಳೆವ್ವ, ನಾ ರಿಟೈರ್ ಆಗೋದ ನಿನಗ ಬ್ಯಾಡೇನ ಬೇ?” ಎಂದು ದಣಿದ ನಗೆ ನಕ್ಕು, ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಆದ್ದರಿಂದ ಇಂದು ಹೊರಬರಬೇಕಿದ್ದ ಅವರ ಪುಸ್ತಕ ಇಂದೂ ಹೊರಬಂದಿಲ್ಲ. ಓದುಗರು ದಯವಿಟ್ಟು ಕಾಯಬೇಕು. ಈ ಸಲ ಒಂದು ಪ್ರಶ್ನೆಗೆ ಪುಸ್ತಕ ನಿಂತದ್ದು ತಪ್ಪೆಂದು ನನಗೆ ಅನಿಸಲಿಲ್ಲ. ಬಾಯಾರಿಗೆ ದೇವರು ಆ ಉತ್ತರ ಹುಡುಕಿ ಬರೆಯುವಷ್ಟು ಆಯುಷ್ಯ ಕೊಡಲಿ, ದಾರಿಯಲ್ಲಿ ನಿಲ್ಲದೆ ಬಸ್‌ಸ್ಟ್ಯಾಂಡಿನಿಂದ ಶೆಡ್ಡಿನವರೆಗೆ ನಡೆಯುವಷ್ಟು ಶಕ್ತಿ ಕೊಡಲಿ. ರವಿವಾರ ಅವರ ತಾಟನ್ನು ತೆಗೆದಿಟ್ಟಿರುತ್ತೇವೆ. ಅವರು ಒಗೆದ ಹಣ್ಣನ್ನು ನಾವು ಆರಿಸಿಕೊಳ್ಳುತ್ತೇವೆ.