ತಂಗಿಗೆಂದು ಮಾಡಿಸಿದ ನೆಲಮಾಳಿಗೆ

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನ್ನ ತಂಗಿ ಹುಟ್ಟಿದಳು. ಆಗ ನನಗೆ ಎಂಟು. ಅವಳಿಗೆ ಮೂರು ತುಂಬುವ ಮೊದಲೇ ಜ್ವರ ಬಂತು. ಜ್ವರವೇನೋ ಇಳಿಯಿತು, ಕಾಲುಗಳಿಗೆ ಮತ್ತೆ ಬಲ ಬರಲಿಲ್ಲ. ಕೈಯೂರಿಕೊಂಡು, ಕಾಲೆಳೆದುಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಬೀದಿಯಲ್ಲಿ ಯಾರದೇ ದನಿ ಕೇಳಿದರೂ ನಮ್ಮೆಲ್ಲರಿಗಿಂತ ಮೊದಲು ಬಾಗಿಲಲ್ಲಿರುವವಳು ಅವಳೇ.

ಹನೂರಿನ ಕಡೆಯವರು ನನ್ನನ್ನು ನೋಡಲು ಬಂದಾಗಲೂ ಅವಳೇ ಎದುರುಗೊಂಡಳು. ಅವರು ಕಾಫಿ ಕುಡಿದು ಹೋದವರು ಹೋದರು ಅಷ್ಟೇ. ಮತ್ತೆ ಸುದ್ದಿ ಕಳಿಸಲಿಲ್ಲ.

ಅದಾದ ಮುಂದಿನ ವಾರ ಅಪ್ಪ ನನ್ನನ್ನು ಕರೆದರು. ಅವರು ರೇಷ್ಮೆಗೂಡಿನ ವ್ಯಾಪಾರಿ. ಮನೆಯ ಕೆಳಗೆ, ತಾತನ ಕಾಲದಲ್ಲಿ ರಾಗಿ ತುಂಬುತ್ತಿದ್ದ ನೆಲಮಾಳಿಗೆ ಖಾಲಿ ಬಿದ್ದಿತ್ತು.

"ಕೆಳಗಡೆ ಮಗಿಗೆ ಆಡಕೆ ಒಂದು ಜಾಗ ಮಾಡ್ಸವಾ ಕಣವ್ವ. ಏನೇನ್ ಬೇಕು ಅಂತ ನೀನೇ ಯೋಳು," ಅಂದರು.

ನನ್ನನ್ನು ಕೇಳಿ ಅವರು ಮಾಡಿದ ಮೊದಲ ಕೆಲಸ ಅದು. ನಾನು ಉಬ್ಬಿಹೋದೆ. ತಂಗಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳ ಕೈ ಎಲ್ಲಿಯವರೆಗೆ ಎಟಕುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆಟದ ಸಾಮಾನಿಡುವ ಗೋಡೆಗೂಡುಗಳೆಲ್ಲ ಆ ಗೆರೆಯ ಕೆಳಗೇ ಬಂದವು. ಮಂಡಿ ತರಚದಂತೆ ನೆಲಕ್ಕೆ ನುಣ್ಣಗೆ ಗಾರೆ ಹಾಕಿಸಿದೆ. ಕಲ್ಲುಕಂಬದ ಅಂಚುಗಳನ್ನು ಉಜ್ಜಿಸಿದೆ. ಬೀದಿಯ ಮಟ್ಟಕ್ಕಿದ್ದ ಗವಾಕ್ಷಿಯನ್ನು ಅಗಲ ಮಾಡಿಸಿ ಬೆಳಕು ತಂದೆ. ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ನಾನೇ ಬಳಿದೆ. ಒಂದು ಗೋಡೆಯ ಕೆಳಭಾಗಕ್ಕೆ ಕಪ್ಪು ಹಚ್ಚಿ, ಬರೆಯುವುದಕ್ಕೆಂದು ಬಿಟ್ಟೆ. ಮೆಟ್ಟಿಲುಗಳು ಒಂಬತ್ತು, ತೀರ ಎತ್ತರ. ಒಂದೊಂದನ್ನೂ ಎರಡು ಮಾಡಿದರೆ ಅವಳೇ ಹತ್ತಿ ಇಳಿಯಬಹುದೆಂದು ಕಾಗದದ ಮೇಲೆ ಬರೆದು ಕೊಟ್ಟೆ.

ಗಾರೆಯವನು ಕೆಳಗಿನ ಏಳನ್ನು ತಗ್ಗಿಸಿ ನಿಲ್ಲಿಸಿದ. "ಮೇಲಿನ ಎರಡು ಅಂಗೇ ಇರ್ಲಿ ಅಂದ್ರಲ್ಲ, ಯಾಕ್ ಬುದ್ಧಿ? ಮಗ ಅಲ್ಲಿಗಂಟ ಬಂದು ಸಿಕ್ಕಾಕತದಲ್ಲ," ಎಂದು ಅಪ್ಪನನ್ನು ಕೇಳಿದ.

"ಸಾಕು ಬುಡು. ಬೇಕಾದಾಗ ಯಾರಾರ ಎತ್ಕತಾರೆ," ಅಂದರು ಅಪ್ಪ.

ನಾನು ಅಲ್ಲೇ ನಿಂತಿದ್ದೆ. ಆಗ ನನಗೆ ಅರ್ಥವಾಗಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಹದಿನೇಳು ತುಂಬಿದವಳಿಗೆ ಅರ್ಥವಾಗದೆ ಏನು?

ತಂಗಿಗೆ ಮಾತ್ರ ಆ ಜಾಗ ಹಿಡಿಸಿತು. ಎರಡು ತಿಂಗಳು ಕಪ್ಪು ಗೋಡೆಯ ತುಂಬ ಕೋಳಿ, ಬಸ್ಸು, ನನ್ನ ಜಡೆ ಬರೆದಳು. ಅಷ್ಟರಲ್ಲಿ ಯಳಂದೂರಿನ ಹತ್ತಿರದ ಅಗರದಿಂದ ಇನ್ನೊಂದು ಗಂಡು ಬಂತು. ಅವತ್ತು ಬೆಳಿಗ್ಗೆಯೇ ಅವ್ವ ಅವಳನ್ನು ಕೆಳಗೆ ಇಳಿಸಿ, ತಿಂಡಿ ನೀರು ಇಟ್ಟು, ಬಾಗಿಲು ಹಾಕಿಕೊಂಡು ಬಂದಳು. ನಡುಮನೆಯ ನೆಲದಲ್ಲಿ ಹಿಂದೆ ರಾಗಿ ಸುರಿಯುತ್ತಿದ್ದ ಕಿಂಡಿಯಿತ್ತು, ಅದಕ್ಕೊಂದು ಹಲಗೆ. ಅದರ ಮೇಲೆ ಜಮಖಾನ ಹಾಸಿ ಬಂದವರನ್ನು ಕೂರಿಸಿದೆವು.

"ಎಷ್ಟ್ ಜನ ಮಕ್ಳು ನಿಮ್ಗೆ?" ಎಂದು ಹುಡುಗನ ತಾಯಿ ಕೇಳಿದರು.

"ಇವ್ಳೊಬ್ಳೇಯಾ," ಅಂದರು ಅಪ್ಪ.

ಆಕೆ ನನ್ನ ಕಡೆ ತಿರುಗಿದರು. "ಒಬ್ಳೇ ಅಂದ್ರೆ ಬೇಜಾರಾಗಲ್ವೇನವ್ವ?"

"ಅಭ್ಯಾಸ ಆಗೋಗದೆ," ಅಂದೆ ನಾನು. ಯಾರೂ ಹೇಳಿಕೊಟ್ಟ ಮಾತಲ್ಲ ಅದು.

ಅವರು ಹೊರಟ ಮೇಲೆ ಕೆಳಗೆ ಹೋದೆ. ತಂಗಿ ಆ ಕಿಂಡಿಯ ಕೆಳಗೇ ಕುಳಿತಿದ್ದಳು.

"ಒಂಟೋದ್ರಾ ಅಕ್ಕ?"

"ಊಂ."

"ನಂಗೆ ಕೆಮ್ಮು ಬಂದಿತ್ತು. ಬಾಯ್ಗೆ ಲಂಗ ತುರುಕ್ಕಂಡು ತಡ್ಕಂಡೆ. ಕೇಳಿಸ್ನಿಲ್ಲ ಅಲ್ವಾ?"

"ಇಲ್ಲ. ಜಾಣೆ ನೀನು," ಅಂದೆ. ಅವಳನ್ನು ಎತ್ತಿಕೊಳ್ಳಬೇಕೆಂದು ನನಗೆ ತೋಚಲಿಲ್ಲ.

ಮದುವೆ ಆಯಿತು. ಮದುವೆಯ ದಿನ ಪಕ್ಕದ ಮನೆಯ ಅಜ್ಜಿ ತಂಗಿಯ ಜೊತೆ ಕೆಳಗೇ ಇದ್ದರು. ಚೊಚ್ಚಲ ಬಾಣಂತನಕ್ಕೆ ನಾನು ತವರಿಗೆ ಬಂದಿದ್ದಾಗ ನನ್ನ ಯಜಮಾನರು ಮಗು ನೋಡಲು ಬಂದರು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ಕೆಳಗಿನಿಂದ ಯಾರೋ ಮಗ್ಗಿ ಹೇಳುತ್ತಿರುವುದು ಕೇಳಿಸಿ ಇಳಿದು ಹೋದರು. ಬಹಳ ಹೊತ್ತಾದ ನಂತರ ಹತ್ತಿ ಬಂದರು.

"ಅವತ್ತು ಅಭ್ಯಾಸ ಆಗೋಗದೆ ಅಂದ್ಯಲ್ಲ ನೀನು," ಅಂದರು.

ಅದರ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು. ಆದರೆ ಆಮೇಲೆ ನಾನು ಏನು ಹೇಳಿದರೂ, ಹಸು ಇಷ್ಟು ಹಾಲು ಕರೆಯಿತು ಅಂದರೂ, ಇನ್ನೊಬ್ಬರನ್ನು ಕೇಳಿಯೇ ನಂಬುವುದು ಅವರ ರೂಢಿಯಾಯಿತು. ಅತ್ತೆ ಹಾಗಲ್ಲ, ಬಾಯಿಬಿಟ್ಟೇ ಅಂದರು. "ಕಾಲಿಲ್ದ್ ಮಕ್ಳು ಯಾರ್ ಮನೇಲಿಲ್ಲ? ಅವ್ಳು ಎದುರ್ಗೇ ಕೂತಿದ್ರೂ ನಿನ್ನ ತಂದ್ಕತಿದ್ವಿ." ಆ ಮಾತನ್ನು ಇವತ್ತಿಗೂ ನನ್ನಿಂದ ನುಂಗಲಾಗಿಲ್ಲ.

ಎಪ್ಪತ್ತನೇ ಇಸವಿಯ ನಂತರ ಒಂದು ಸಲ, ಶಾಗ್ಯದಲ್ಲಿದ್ದ ನಮ್ಮ ಸೋದರತ್ತೆ, ಗಂಡ ತೀರಿಕೊಂಡು ಒಬ್ಬರೇ ಇದ್ದವರು, ಕೊಳ್ಳೇಗಾಲಕ್ಕೆ ಬಂದರು. ಕೆಳಗಿಳಿದು ತಂಗಿಯನ್ನು ನೋಡಿದರು. ಮೇಲೆ ಬಂದು ಅಪ್ಪನ ಮುಂದೆ ನಿಂತರು.

"ಇದ್ನ ನಾನ್ ಕರ್ಕಂಡೋಯ್ತೀನಿ. ಇಲ್ಲೇ ಬುಟ್ರೆ ನೀವು ರಾಗಿ ಮಡಗ್ದಂಗೆ ಮಡಗ್ಬುಡ್ತೀರಿ."

ಅಪ್ಪ ಬೇಡ ಅನ್ನಲಿಲ್ಲ. ಕಂಡಕ್ಟರು ಒಂದು ಕಡೆ, ಸೋದರತ್ತೆ ಇನ್ನೊಂದು ಕಡೆ ಹಿಡಿದು ಅವಳನ್ನು ಬಸ್ಸಿಗೆ ಹತ್ತಿಸಿದರಂತೆ. ನಾನು ಇದನ್ನು ಕೇಳಿ ತಿಳಿದದ್ದು.

ಮಾರನೆಯ ವರ್ಷ ಮಕ್ಕಳನ್ನು ಕರೆದುಕೊಂಡು ಶಾಗ್ಯಕ್ಕೆ ಹೋದೆ. ಬೀದಿಗೆ ಮುಖ ಮಾಡಿದ ಜಗುಲಿಯ ಮೇಲೆ ತಂಗಿ ಕುಳಿತಿದ್ದಳು. ಮುಂದೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ನು. ಸುತ್ತ ನಾಲ್ಕೈದು ಹೆಂಗಸರು ರವಿಕೆ ಬಟ್ಟೆ ಹಿಡಿದುಕೊಂಡು ಏನೋ ನಗುತ್ತಿದ್ದರು. ನನ್ನನ್ನು ಕಂಡು ಅವಳು ಮಿಷನ್ನು ನಿಲ್ಲಿಸಿದಳು.

"ಬನ್ನಿ," ಅಂದಳು. "ಕೂತ್ಕಳಿ. ಕಾಪಿ ಕುಡಿತೀರಾ?"

ಹುಟ್ಟಿದಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದವಳಲ್ಲ. ನನ್ನ ಹಿಂದೆ ಇನ್ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಮಕ್ಕಳಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ.

"ಕುಡೀತೀನಿ," ಅಂದು ಜಗುಲಿಯ ತುದಿಯಲ್ಲಿ ಕುಳಿತೆ.